ಎಲೆತೋಟದ ಬೇಲಿಯಾಚೆ

ಸವಣೂರಿನ ಅಖ್ತರುನ್ನೀಸಾ ಮೂವತ್ತು ವರ್ಷ ವೀಳ್ಯದೆಲೆ ವಿಂಗಡಿಸಿದಳು. ಆದರೆ ಒಂದು ದಿನವೂ ತಮ್ಮ ಮನೆಯ ಎಲೆತೋಟದೊಳಗೆ ಕಾಲಿಡಲಿಲ್ಲ. ಮುಟ್ಟಾದ ಹೆಂಗಸು ಒಳಗೆ ಬಂದರೆ ಬಳ್ಳಿ ಒಣಗುತ್ತದೆ ಎಂಬ ನಂಬಿಕೆ ಅಲ್ಲಿನ ಹಿಂದೂಗಳದೂ ಹೌದು, ಮುಸಲ್ಮಾನರದೂ ಹೌದು. ಬೇರೆ ಯಾವ ವಿಷಯಕ್ಕೆ ಕಚ್ಚಾಡಿದರೂ ಇದೊಂದರಲ್ಲಿ ಗಂಡಸರೆಲ್ಲ ಅಣ್ಣತಮ್ಮಂದಿರು. ಅವಳ ಮಾವ ಇನ್ನೂ ಜಾಣ. ಯಾರು ಯಾವಾಗ ಮುಟ್ಟಾಗಿರುತ್ತಾರೋ ಲೆಕ್ಕ ಇಡುವವರು ಯಾರೆಂದು ಮನೆಯ ಹೆಂಗಸರನ್ನೆಲ್ಲ ಬೇಲಿಯ ಹೊರಗೇ ನಿಲ್ಲಿಸಿಬಿಟ್ಟ. ಅವನು ಸತ್ತು ಹನ್ನೆರಡು ವರ್ಷವಾಗಿತ್ತು, ಅವಳ ಮುಟ್ಟು ನಿಂತು ನಾಲ್ಕು. ಕಟ್ಟಳೆ ಮಾತ್ರ ಹಾಗೇ ಇತ್ತು.

ಗಂಡ ಜಮಾಲಸಾಬ ಬೆಳಿಗ್ಗೆ ಆಳುಗಳಿಂದ ಎಲೆ ಕೊಯ್ಯಿಸಿ ತಂದು ಪಡಸಾಲೆಯಲ್ಲಿ ಸುರಿದರೆ ಅಲ್ಲಿಗೆ ಅವನ ದಿನ ಮುಗಿಯಿತು. ಆಮೇಲೆ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ದೇಶ ನಡೆಸಲು ಹೋಗುತ್ತಿದ್ದ. ಅಖ್ತರುನ್ನೀಸಾ ರೊಟ್ಟಿ ಬಡಿದು, ಹಾಸಿಗೆ ಹಿಡಿದ ಅತ್ತೆಯ ಮೈ ತೊಳೆದು, ಗಂಜಿ ಕುಡಿಸಿ, ಸೊಸೆ ಗುಲ್ನಾರಳ ಜೊತೆ ಎಲೆಯ ಮುಂದೆ ಕೂರುತ್ತಿದ್ದಳು. ಚುಕ್ಕೆ ಬಿದ್ದದ್ದು ಬೇರೆ, ಎಳೆಯದು ಸಂತೆಗೆ, ಬಲಿತದ್ದು ದೂರದ ಊರಿಗೆ. ದೂರದ ಎಲೆಯನ್ನು ಒಂದೊಂದಾಗಿ ಒಣಬಟ್ಟೆಯಲ್ಲಿ ಒರೆಸಿ, ತೊಟ್ಟು ಹೊರಗೆ ಬರುವಂತೆ ಬುಟ್ಟಿಯಲ್ಲಿ ಜೋಡಿಸಬೇಕು. ಇಬ್ಬನಿಯ ಹಸಿ ಉಳಿದರೂ ನಾಲ್ಕನೆಯ ದಿನಕ್ಕೆ ಎಲೆ ಕಪ್ಪಾಗಿ ಕೊಳೆಯುತ್ತದೆ. ಹೀಗೆ ಅವಳು ಕಟ್ಟಿದ ಬುಟ್ಟಿಗಳು ವರ್ಷಗಟ್ಟಲೆ ದಿಲ್ಲಿ ದಾಟಿ ಪಾಕಿಸ್ತಾನದವರೆಗೆ ಹೋಗಿ ಹಸಿರಾಗಿಯೇ ಬಿಚ್ಚಿಕೊಂಡವು. ನಿಮ್ಮ ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಜಮಾಲಸಾಬ, ಏನಿಲ್ಲ, ಮನೆಯಲ್ಲೇ ಇರುತ್ತಾಳೆ ಎನ್ನುತ್ತಿದ್ದ.

ಗಡಿಯಲ್ಲಿ ಗುಂಡು ಹಾರಿದಾಗಲೆಲ್ಲ ಎಲೆ ನಿಲ್ಲುತ್ತಿತ್ತು, ತಣ್ಣಗಾದಾಗ ಮತ್ತೆ ಹೋಗುತ್ತಿತ್ತು. ಕೊನೆಗೊಮ್ಮೆ ಎರಡೂ ದೇಶಗಳು ವ್ಯಾಪಾರವನ್ನೇ ನಿಲ್ಲಿಸಿದವು. ಕಟ್ಟೆಗೆ ಸುಗ್ಗಿ ಬಂತು. ಒಬ್ಬ ಅಮೆರಿಕಕ್ಕೆ ಬುದ್ಧಿ ಹೇಳಿದ, ಒಬ್ಬ ಚೀನಾಕ್ಕೆ ಎಚ್ಚರಿಕೆ ಕೊಟ್ಟ. ಶಿಗ್ಗಾವಿಯಿಂದ ಬಂದ ಒಬ್ಬ ಪುಢಾರಿ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು, ವೈರಿಗೆ ಎಲೆ ತಿನ್ನಿಸಿದವರು ಈ ಊರಿನಲ್ಲಿದ್ದಾರೆ ಎಂದು ಗಂಟಲು ಹರಿದುಕೊಂಡ. ಪಕ್ಕದ ತೋಟದ ಮಹಾಲಿಂಗಪ್ಪ ಮುಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ಅವನ ತೋಟದ ಎಲೆಯೂ ಇಪ್ಪತ್ತು ವರ್ಷ ಅದೇ ವೈರಿಯ ಊರಿಗೆ ಅಖ್ತರುನ್ನೀಸಾಳ ಬುಟ್ಟಿಯಲ್ಲೇ ಹೋಗಿತ್ತು. ಸಂಜೆ ಅವನೇ ಜಮಾಲಸಾಬನ ಪಡಸಾಲೆಗೆ ಬಂದು, ಗಡಿ ಮತ್ತೆ ಯಾವಾಗ ತೆರೆಯುತ್ತಾರೆ ಎಂದು ಗುಟ್ಟಾಗಿ ವಿಚಾರಿಸಿದ.

ಅಖ್ತರುನ್ನೀಸಾ ಚಹಾ ತಂದುಕೊಟ್ಟಳು. "ಮುಂಜಾನಿ ಭಾಳ ಚಪ್ಪಾಳಿ ಹೊಡದೀರಿ ಅಣ್ಣಾರ, ಕೈ ನೊಂದಿರಬೇಕು. ಬಿಸಿ ಕಪ್ಪು ಹಿಡಕೊಳ್ರಿ" ಎಂದಳು.

ಮಹಾಲಿಂಗಪ್ಪನಿಗೆ ಏನೂ ಅನ್ನಿಸಲಿಲ್ಲ. ಇನ್ನೊಂದಿಷ್ಟು ಸಕ್ಕರೆ ಕೇಳಿದ.

ದಾರಿ ಹುಡುಕಿದವನು ಜಮಾಲಸಾಬನ ತಮ್ಮ ಮುಸ್ತಾಕ. ಬಳ್ಳಿ ಕಡಿದುಹಾಕಿ ತೋಟವನ್ನು ಪ್ಲಾಟು ಮಾಡಿ ಮಾರುವುದು. ಅದಕ್ಕೆ ಅವನಿಟ್ಟ ಹೆಸರು ಅಭಿವೃದ್ಧಿ. ಜಮಾಲಸಾಬ ಹೂಂ ಎಂದ. ಅಖ್ತರುನ್ನೀಸಾಳನ್ನು ಯಾರೂ ಕೇಳಲಿಲ್ಲ. ತೋಟ ಹೋದರೆ ಅವಳಿಗೆ ಉಳಿಯುವುದು ಒಲೆ ಮತ್ತು ಅತ್ತೆಯ ಹಾಸಿಗೆ. ಊರಿನಲ್ಲಿ ತನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿದ್ದ ಒಂದೇ ಒಂದು ಕೆಲಸ ಆ ಬಳ್ಳಿಯ ಜೊತೆ ಮಣ್ಣಾಗುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯ ವ್ಯಾಪಾರಿ ಪರಮೇಶ ಬಂದ. ಮಸ್ಕತ್ತಿನ ಅಂಗಡಿಯವನೊಬ್ಬ ಎರಡು ಬುಟ್ಟಿ ಎಲೆ ಕಳಿಸಿ ನೋಡಿ ಎಂದಿದ್ದ. ಎಂಟು ದಿನ ಹಸಿರು ಉಳಿದರೆ ವರ್ಷವಿಡೀ ಕೊಳ್ಳುತ್ತೇನೆ ಎಂದಿದ್ದ. ಬಳ್ಳಿ ಕಡಿಯಲು ಗೊತ್ತುಮಾಡಿದ್ದವರಿಗೆ ಸ್ವಲ್ಪ ತಡೆಯಲು ಹೇಳಿದರು. ಅಖ್ತರುನ್ನೀಸಾ ಹಳೆಯ ಪಂಚೆ ಹರಿದು ಒಣಬಟ್ಟೆ ಮಾಡಿಟ್ಟಳು. ಆದರೆ ಅವತ್ತು ಎಲೆ ಪಡಸಾಲೆಗೆ ಬರಲೇ ಇಲ್ಲ. ಇದು ಫಾರಿನ್ನಿಗೆ ಹೋಗುವ ಮಾಲು, ಹೆಂಗಸರು ಕೂತು ಮಾಡುವ ಮನೆಗೆಲಸವಲ್ಲ ಎಂದು ಮುಸ್ತಾಕ ತೀರ್ಮಾನಿಸಿದ್ದ. ಕಟ್ಟೆಯ ಏಳು ಜನ ತೋಟದಲ್ಲೇ ಬುಟ್ಟಿ ಕಟ್ಟಲು ಕೂತರು. ಸಂತೆಯಲ್ಲಿ ಎಲೆ ಮಾರುವವರು ತಾಜಾ ಕಾಣಲೆಂದು ನೀರು ಚಿಮುಕಿಸುವುದನ್ನು ಹುಟ್ಟಿದಾಗಿನಿಂದ ನೋಡಿದವರು ಅವರು. ಎಲೆಯ ಬಗ್ಗೆ ಅವರಿಗಿದ್ದ ವಿದ್ಯೆ ಅಷ್ಟೇ. ಒಂದು ಕೊಡ ನೀರು ಚಿಮುಕಿಸಿ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಎಲೆ ಮಿರಿಮಿರಿ ಮಿಂಚುತ್ತಿತ್ತು. ಎಲೆ ಒರೆಸಿರಿ, ಕೊಳೆಯುತ್ತದೆ ಎಂದು ಅಖ್ತರುನ್ನೀಸಾ ಬೇಲಿಯ ಹೊರಗಿನಿಂದ ಹೇಳಿದಳು. ಏಳು ಜನಕ್ಕೆ ಚಹಾ ಮಾಡು ಹೋಗು ಎಂದ ಜಮಾಲಸಾಬ. ಮಾಡಿದಳು.

ಮಸ್ಕತ್ತಿನಿಂದಲೂ ಒಂದು ಫೋಟೋ ಬಂತು. ಬುಟ್ಟಿಯಲ್ಲಿ ಇದ್ದದ್ದು ಕಪ್ಪು ರಾಡಿ.

ಕಟ್ಟೆ ತನಿಖೆ ನಡೆಸಿತು. ವಿಮಾನದ ತಪ್ಪು ಎಂದರು, ಅಲ್ಲಿಯ ಬಿಸಿಲಿನ ತಪ್ಪು ಎಂದರು. ಮಹಾಲಿಂಗಪ್ಪನಿಗೆ ಇದರಲ್ಲಿ ಪಾಕಿಸ್ತಾನದ ಕೈವಾಡ ಕಂಡಿತು. ತಾವು ಚಿಮುಕಿಸಿದ ನೀರು ಒಬ್ಬನಿಗೂ ನೆನಪಾಗಲಿಲ್ಲ. ಮುಸ್ತಾಕ ಕಡಿಯುವವರಿಗೆ ಮತ್ತೆ ಫೋನು ಮಾಡಿ, ತಿಂಗಳ ಕೊನೆಗೆ ಬರಲು ಹೇಳಿದ.

ಪರಮೇಶನಿಗೆ ಇಷ್ಟೆಲ್ಲ ಕೇಳುವ ಪುರುಸೊತ್ತಿರಲಿಲ್ಲ. ಮೊದಲೆಲ್ಲ ಬುಟ್ಟಿ ಕಟ್ಟುತ್ತಿದ್ದವರು ಯಾರೆಂದು ಕೇಳಿ, ನೇರ ಅಡುಗೆಮನೆಯ ಬಾಗಿಲಿಗೆ ಬಂದ. ಅಂಗಡಿಯವನ ಕೈಕಾಲು ಹಿಡಿದು ಇನ್ನೊಂದು ಅವಕಾಶ ತಂದಿದ್ದೇನೆ, ಗುರುವಾರ ಬುಟ್ಟಿ ಹೋಗಬೇಕು ಎಂದ. ಕಟ್ಟುತ್ತಾಳೆ ಬಿಡಿ ಎಂದು ಜಮಾಲಸಾಬ ಅವಳ ಪರವಾಗಿ ಒಪ್ಪಿಕೊಂಡ.

ಅಖ್ತರುನ್ನೀಸಾ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. "ಎಲಿ ನಾನ ಕೊಯ್ತೇನಿ. ಎಂಟು ದಿನ ಬಾಳಿಕಿ ಬರೂ ಎಲಿ ಬಳ್ಳಿ ಮ್ಯಾಲ ನೋಡಿ ತೆಗೀಬೇಕು. ಆಳುಗಳು ಎಳೇದು ಬಲಿತದ್ದು ಕೂಡೇ ಹರಕೊಂಡು ಬರ್ತಾರ."

"ತ್ವಾಟದಾಗ ಹೆಂಗಸರು ಹೋಗೂದಿಲ್ಲ ಅಂತ ನಿನಗ ಗೊತ್ತಿಲ್ಲೇನು? ಬಳ್ಳಿ ಒಣಗತಾವ" ಎಂದ ಜಮಾಲಸಾಬ.

"ಮತ್ತ ಕೊಡ್ಲಿ ತಗೊಂಡು ಬರೋರು ಏನು ಬಳ್ಳೀಗೆ ನೀರು ಹಾಕಾಕ ಬರ್ತಾರೇನ್ರಿ?"

ಕಟ್ಟೆ ಇದನ್ನು ಎರಡು ದಿನ ಚರ್ಚಿಸಿತು. ಬುಧವಾರ ಬೆಳಕು ಹರಿದಾಗ ಚರ್ಚೆ ಮುಗಿದಿರಲಿಲ್ಲ. ಅಖ್ತರುನ್ನೀಸಾ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ನಡೆದಳು. ನುಗ್ಗೆ, ಚೊಗಚಿ ಮರಗಳಿಗೆ ಹಬ್ಬಿದ ಬಳ್ಳಿಗಳ ನಡುವೆ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಮೊಣಕಾಲುದ್ದದ ಕಸ. ಕಾಲುವೆ ಬದಿಯ ಒಂದು ಸಾಲು ನೀರು ನಿಂತು ಬುಡ ಕೊಳೆತಿತ್ತು. ಯಾವ ಹೆಂಗಸೂ ಕಾಲಿಡದ ತೋಟದ ಸ್ಥಿತಿ ಇದು. ಅವಳು ಸೆರಗು ಸಿಕ್ಕಿಸಿ, ಇಬ್ಬನಿ ಆರುವವರೆಗೆ ಕಾದು, ಎಲೆ ಕೊಯ್ದಳು.

ಎಂಟನೆಯ ದಿನ ಮಸ್ಕತ್ತಿನವನು ಬುಟ್ಟಿ ಬಿಚ್ಚಿದಾಗ ಎಲೆ ಹಸಿರಾಗಿತ್ತು. ವಾರಕ್ಕೆ ಹತ್ತು ಬುಟ್ಟಿ ಕಳಿಸಿ ಎಂದ. ಕಡಿಯುವವರು ಬರುವುದು ನಿಂತಿತು. ಬಳ್ಳಿ ಒಣಗಲಿಲ್ಲ. ಒಣಗದ ಬಳ್ಳಿಗೂ ಕಟ್ಟೆಯವರು ಕಾರಣ ಕಂಡುಹಿಡಿದರು. ಅವಳಿಗೆ ವಯಸ್ಸಾಗಿದೆ, ಅದಕ್ಕೇ ನಡೆಯಿತು. ಅದನ್ನೆಲ್ಲ ಯೋಚಿಸಿಯೇ ಆಕೆಯನ್ನು ಕಳಿಸಿದೆ ಎಂದು ಜಮಾಲಸಾಬ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದ. ಎಲೆ ಒರೆಸುತ್ತಿದ್ದ ಅಖ್ತರುನ್ನೀಸಾ ತಲೆ ಎತ್ತಲಿಲ್ಲ.

"ನಾಳಿಂದ ಗುಲ್ನಾರನೂ ನನ್ನ ಜೋಡಿ ತ್ವಾಟಕ್ಕ ಬರ್ತಾಳ" ಎಂದಳು.

ಗುಲ್ನಾರಳಿಗೆ ಇಪ್ಪತ್ತಮೂರು. ಜಮಾಲಸಾಬ ದನಿ ತಗ್ಗಿಸಿ, "ಆಕಿ ಇನ್ನೂ ಸಣ್ಣಾಕಿ, ಹೆಂಗ ನಡೀತೈತಿ?" ಎಂದ.

"ವಾರಕ್ಕ ಹತ್ತು ಬುಟ್ಟಿ ಅಂದ್ರ ನನ್ನ ಎರಡು ಕೈಯಿಂದ ಆಗೂದಿಲ್ಲ. ಆಕಿ ಕಲೀತಾಳ. ನೀವು ಮುಂಜಾನಿ ನಿಮ್ಮ ಅವ್ವಗ ಗಂಜಿ ಕುಡಸ್ರಿ."

ಮರುದಿನ ಬೆಳಿಗ್ಗೆ ಜಮಾಲಸಾಬ ತಾಯಿಯ ಹಾಸಿಗೆಯ ಪಕ್ಕ ಬಟ್ಟಲು ಹಿಡಿದು ಕೂತಿದ್ದ. ಆ ಗಂಜಿಯನ್ನು ಕಾಯಿಸಿ, ಆರಿಸಿ, ಉಪ್ಪು ಹಾಕಿ, ಚಮಚ ಬಟ್ಟಲಲ್ಲೇ ಇಟ್ಟು ತೋಟಕ್ಕೆ ಹೋದವಳು ಗುಲ್ನಾರ.