ಹನ್ನೊಂದು ಹೆಸರು, ಒಂದು ಸಾಲು

ದಾವಣಗೆರೆಯ ಸಣ್ಣಪುಟ್ಟ ಕಂಪನಿಗಳಿಗೆ ಪತ್ರಿಕಾ ಪ್ರಕಟಣೆ ಬರೆದುಕೊಡುವ ಪದ್ಮಶ್ರೀಗೆ ಹದಿನಾಲ್ಕು ವರ್ಷದಿಂದ ಒಂದೇ ಕಾಯಿಲೆ: ಪೊಳ್ಳು ಮಾತು ಕಂಡರೆ ಮೈ ಉರಿಯುತ್ತದೆ. ಸಿದ್ದೇಶನ ಆಫೀಸಿನಲ್ಲಿ ಅದು ನೆತ್ತಿಗೇರಿತು. ಅವನ ಕಂಪನಿ ಭತ್ತದ ರೈತರಿಗೆಂದು ಒಂದು ಆ್ಯಪ್ ಮಾಡಿತ್ತು. ಕಾಲುವೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆಂದು ಅದು ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತಿತ್ತು. ಪದ್ಮಶ್ರೀ ಅದನ್ನೇ ಮೊದಲ ಸಾಲಿಗಿಟ್ಟಳು.

“ಅದೇನು ದೊಡ್ಡದು ಬಿಡ್ರಿ,” ಎಂದ ಸಿದ್ದೇಶ. “ಎಐ ಐತೆ ಅಂತ ಬರೀರಿ. ಸ್ಕ್ರೀನಿನ ಬಣ್ಣ ಬದಲಾಗ್ತಾವೆ ಅಂತ ಬರೀರಿ. ಆಮೇಲೆ ಬಿಡುಗಡೆಗೆ ಬಂದಿದ್ದ ನಮ್ಮ ಮಾವ, ಷಡ್ಡಕ, ಬಿಲ್ಡಿಂಗ್ ಓನರ್ರು, ಎಲ್ಲಾರ ಹೆಸ್ರೂ ಬರಬೇಕು. ಒಂದು ಬಿಟ್ರೂ ಮುನಿಸ್ಕೊಂತಾರೆ.”

ಇದು ಪ್ರಕಟಣೆಯೋ ಲಗ್ನಪತ್ರಿಕೆಯೋ ಎಂದು ಅವಳು ಹಲ್ಲು ಕಡಿದಳು. ಹೆಸರು ಹನ್ನೊಂದಾದವು, ಹಾಳೆ ಒಂದೇ. ಜಾಗ ಸಾಲದೆ ಸಿದ್ದೇಶ ತಾನೇ ಪೆನ್ನು ಹಿಡಿದು ನೀರಿನ ಸಾಲನ್ನು ಹೊಡೆದುಹಾಕಿದ. ನೀರಿಗೇನು ಮುನಿಸು ಬರುತ್ತದೆಯೇ?

ಮರುದಿನ ಪತ್ರಿಕೆಯಲ್ಲಿ ಹನ್ನೊಂದೂ ಹೆಸರು ಬಂದವು, ಕೊನೆಗೆ ‘ಇತರರು ಇದ್ದರು’ ಎಂಬುದೂ ಬಂತು. ಕಂಪನಿಯ ನಂಬರಿಗೆ ಮೊದಲ ಕರೆ ಹರಿಹರದ ಕಡೆಯ ಸಾರಥಿ ಎಂಬ ಊರಿನಿಂದ, ಭರಮಣ್ಣನೆಂಬ ರೈತನದು. ಆಫೀಸಿಗೆ ಬಂದಿದ್ದ ಪದ್ಮಶ್ರೀ ಸ್ಪೀಕರ್ ಹಾಕಿ ಫೋನನ್ನು ಸಿದ್ದೇಶನ ಮುಂದೆ ಹಿಡಿದಳು.

“ಹನ್ನೊಂದು ಮಂದಿ ಕೂಡಿ ಬಣ್ಣ ಬದಲಾಗೋ ಆ್ಯಪ್ ಮಾಡೀರಿ, ಸಂತೋಷ. ನಾಳೆ ಕಾಲುವೆ ನೀರು ಎಷ್ಟೊತ್ತಿಗೆ ಬರ್ತೈತೆ ಅಂತ ಹೇಳೋ ಆ್ಯಪ್ ಯಾರಾದ್ರೂ ಮಾಡ್ಯಾರೇನ್ರಿ?”