ನಸ್ರೀನಳ ಅಂಗಳದ ಕಣಗಿಲೆ

ಯಲ್ಲಾಪುರ ಪೇಟೆಯಲ್ಲಿ ಕಮಲಾಕರನದ್ದು ಹಿಂಡಿ ಮತ್ತು ದನದ ಔಷಧಿಯ ಅಂಗಡಿ. ಅವನು ಡಾಕ್ಟರನಲ್ಲ, ಆದರೆ ಡಾಕ್ಟರಿಗಿಂತ ಹೆಚ್ಚು ಪ್ರಶ್ನೆಗಳು ಬರುತ್ತಿದ್ದದ್ದು ಅವನಿಗೇ. ಕರುವಿಗೆ ಭೇದಿಯಾಗಲಿ, ನಾಯಿಗೆ ಕಜ್ಜಿಯಾಗಲಿ, ನಂದೊಳ್ಳಿಯಿಂದಲೂ ಜನ ಬಂದು "ಕಮಲಾಕರಣ್ಣ, ಎಂತ ಮಾಡೂದು?" ಎನ್ನುತ್ತಿದ್ದರು. ಹಾಗೆ ಕೇಳಿದಾಗ ಅವನ ಎದೆ ಎರಡಂಗುಲ ಉಬ್ಬುತ್ತಿತ್ತು. ಗೊತ್ತಿಲ್ಲ ಎಂಬ ಮಾತೊಂದು ಆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

೧೯೯೪ರಲ್ಲಿ, ಎರಡು ಮನೆ ಆಚೆಯ ನಸ್ರೀನ್ ಅವನ ಮನೆಯ ಗೇಟಿನ ಪಕ್ಕದ ಗುಲಾಬಿ ಬಣ್ಣದ ಕಣಗಿಲೆಯ ಒಂದು ಗೆಲ್ಲು ಕೇಳಿದಳು. ಗಂಡ ಅಸ್ಲಂ ಲಾರಿ ಹತ್ತಿ ಅರಬೈಲ್ ಘಾಟಿ ಇಳಿದನೆಂದರೆ ವಾರಗಟ್ಟಲೆ ಪತ್ತೆಯಿಲ್ಲ. ಮಕ್ಕಳು ಇನ್ನೂ ಆಗಿರಲಿಲ್ಲ. ಅವಳ ಮಾತು ಕೇಳಿಸಿಕೊಳ್ಳಲು ಮನೆಯಲ್ಲಿದ್ದದ್ದು ಮೋತಿ ಎಂಬ ಬಿಳಿ ಬೆಕ್ಕು ಮಾತ್ರ. ಗೆಲ್ಲು ಕೈಗೆ ಬಂದ ಮೇಲೆ ಅವಳಿಗೆ ಅನುಮಾನ ಬಂತು.

"ಇದರ ಬೇರು ವಿಷ ಅಂತಾರಲ್ರಿ ಅಣ್ಣಾ. ಮೋತಿಗೆ ಏನೂ ಆಗಂಗಿಲ್ಲಲ್ಲ?"

"ನಿನ್ನ ಬೆಕ್ಕು ಬೇರು ಅಗೆದು ತಿಂತದಾ? ಮೀನು ಬಿಟ್ಟು ಸೊಪ್ಪು ತಿನ್ನೂ ಬೆಕ್ಕನ್ನ ನಾ ಎಲ್ಲೂ ಕಾಣ್ಲಿಲ್ಲ. ನಮ್ಮ ದನಾನೂ ಇದಕ್ಕೆ ಬಾಯಿ ಹಾಕೂದಿಲ್ಲ. ಆರಾಮ ನೆಡು" ಎಂದು ಕಮಲಾಕರ ನಕ್ಕ. ದನ ಯಾಕೆ ಬಾಯಿ ಹಾಕುವುದಿಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಮಹಾರಾಯ ಯೋಚಿಸಲಿಲ್ಲ.

ಎರಡು ವರ್ಷದಲ್ಲಿ ಗಿಡ ಹೂವಿನ ಭಾರಕ್ಕೆ ಬಾಗಿತು. ಹಬ್ಬಕ್ಕೆಂದು ನಸ್ರೀನ್ ನಾಲ್ಕು ಗೊಂಚಲು ಕೊಯ್ದು ಪಾತ್ರೆಯ ನೀರಿನಲ್ಲಿಟ್ಟಳು. ಮರುದಿನ ಸಂಜೆ ಅಳುತ್ತ ಅಂಗಡಿಗೆ ಬಂದಳು. ಮೋತಿ ಬೆಳಿಗ್ಗೆಯಿಂದ ವಾಂತಿ ಮಾಡಿ, ಜೊಲ್ಲು ಸುರಿಸಿ, ತೂರಾಡಿ ಸತ್ತುಹೋಗಿತ್ತು.

"ನಾನ ಬಂಗಡೆ ತಲೆ ಹಾಕಿದ್ದೆ. ಅದನ್ನ ತಿಂದು ಹೂವಿನ ಪಾತ್ರೆ ನೀರು ಕುಡೀತು. ಮೀನು ಕೆಟ್ಟಿತ್ತೇನ್ರಿ?"

ಹೋದ ಬೇಸಿಗೆಯಲ್ಲಿ ಗಿರಾಕಿ ಕೆರಿಯಪ್ಪನ ಆಕಳು ಹುಲ್ಲಿನೊಟ್ಟಿಗೆ ಒಣಗಿದ ಕಣಗಿಲೆ ಎಲೆ ತಿಂದು ಹೀಗೇ ಜೊಲ್ಲು ಸುರಿಸಿ ಬಿದ್ದದ್ದು ಕಮಲಾಕರನಿಗೆ ನೆನಪಾಯಿತು. ಬೇರಿನಲ್ಲಷ್ಟೇ ವಿಷವಲ್ಲ, ಹೂವಿಟ್ಟ ನೀರೂ ವಿಷವೇ ಎಂದು ತಟ್ಟನೆ ಹೊಳೆಯಿತು. ಅಂಗಡಿಯಲ್ಲಿ ಮೂವರು ಗಿರಾಕಿಗಳು ಅವನ ಬಾಯನ್ನೇ ನೋಡುತ್ತಿದ್ದರು.

"ಮೀನೇ ಇರಬೇಕು ತಂಗಿ" ಎಂದುಬಿಟ್ಟ.

ರಾತ್ರಿ ಅವನ ಬಾಯಿಂದಲೇ ಇದನ್ನು ಕೇಳಿ ಹೆಂಡತಿ ಜಯಾ ಊಟದ ತಟ್ಟೆಯೆದುರೇ ಬೈದಳು. "ಪಾಪ, ನಸ್ರೀನ್ ಕೂಸು ಎಂತ ತಪ್ಪು ಮಾಡಿತ್ತು? ಈಗ್ಲೇ ಹೋಗಿ ಹೇಳಿ ಬನ್ನಿ."

"ನಾಳೆ ಹೋಗ್ತೆ."

ನಾಳೆ ಹಿಂಡಿಯ ಲೋಡು ಬಂತು. ಮುಂದಿನ ವಾರ ಅಸ್ಲಂ ಮನೆಯಲ್ಲಿದ್ದ. ಆಮೇಲೆ ನಸ್ರೀನ್ ಬಸುರಿ, ಮನಸ್ಸು ನೋಯಿಸಬಾರದು. ಅಷ್ಟರಲ್ಲಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೇ ಮೊದಲಿನ ತಪ್ಪಿಗಿಂತ ದೊಡ್ಡದಾಗಿ ಬೆಳೆದಿತ್ತು. ಅಸ್ಲಂ ಅಂಕೋಲೆಯಿಂದ ಮೀನು ತಂದರೆ ನಸ್ರೀನ್ ಅದನ್ನು ಮನೆಯೊಳಗೇ ಬಿಟ್ಟುಕೊಳ್ಳುತ್ತಿಲ್ಲ ಎಂದು ಜಯಾಳಿಂದ ತಿಳಿದ ದಿನ ಕಮಲಾಕರನಿಗೆ ಅನ್ನ ಸೇರಲಿಲ್ಲ. ಆದರೂ ಹೋಗಲಿಲ್ಲ.

೨೦೦೫ರಲ್ಲಿ ಒಂದು ಬೆಳಿಗ್ಗೆ ನಸ್ರೀನ್ ಮಗಳು ರಜಿಯಾಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿಯ ದುಪಟ್ಟಾದೊಳಗಿಂದ ಬೂದು ಬಣ್ಣದ ಬೆಕ್ಕಿನ ಮರಿಯೊಂದು ಇಣುಕುತ್ತಿತ್ತು.

"ಎಲ್ಲಿಂದಲೋ ಹಿಡಕೊಂಡು ಬಂದಾಳ್ರಿ. ಮೀನಂತೂ ನಾ ಹಾಕಂಗಿಲ್ಲ. ಬ್ಯಾರೆ ಏನು ಹಾಕ್ಲಿ? ನೀವು ಹೇಳಿದಂಗ ಮಾಡ್ತೀನಿ."

ಆ ಕೊನೆಯ ಮಾತು ಅವನನ್ನು ಎಬ್ಬಿಸಿತು. ಅಂಗಡಿಯನ್ನು ಹಾಗೇ ಬಿಟ್ಟು, ಕತ್ತಿ ಗುದ್ದಲಿ ಹಿಡಿದು ಅವಳೊಟ್ಟಿಗೇ ಅವಳ ಅಂಗಳಕ್ಕೆ ಹೋದ. ಆಳೆತ್ತರ ಬೆಳೆದಿದ್ದ ಕಣಗಿಲೆಯನ್ನು ಬೇರುಸಹಿತ ಕಿತ್ತ. ಬಿದ್ದ ಎಲೆಗಳನ್ನೂ ಬಿಡದೆ ಆರಿಸಿ ಚೀಲಕ್ಕೆ ತುಂಬಿದ. ಆಮೇಲೆ ಬೆವರೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದ. ಅವಳ ಮುಖ ನೋಡುವ ಧೈರ್ಯವಾಗದೆ ಗಿಡವಿದ್ದ ಗುಂಡಿಯನ್ನೇ ನೋಡುತ್ತಿದ್ದ.

ನಸ್ರೀನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೊತ್ತಿಲ್ದ ಹೇಳಿದ್ದು ತಪ್ಪಲ್ಲ ಬಿಡ್ರಿ ಅಣ್ಣಾ. ಅವತ್ತ ನಿಜ ಹೇಳಿದ್ರ ನಾಲ್ಕು ದಿನ ಅತ್ತು ಸುಮ್ನಾಗ್ತಿದ್ದೆ. ಒಂಬತ್ತು ವರ್ಷ ಆತು, ನನ್ನ ಕೈಯಾರ ಕೊಂದೆ ಅಂತ ಕುಂತೀನಿ."

ಈಗಲೂ ದಾರಿಯಲ್ಲಿ ಸಿಕ್ಕರೆ ಅವಳು "ಆರಾಮೇನ್ರಿ?" ಎಂದು ಕೇಳುತ್ತಾಳೆ. ಆದರೆ ಆ ಮಳೆಗಾಲದಲ್ಲಿ ಮರಿಗೆ ಹುಷಾರು ತಪ್ಪಿದಾಗ, ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಅವನ ಅಂಗಡಿಯ ಮುಂದೆಯೇ ಹಾದು, ಪಶು ಡಾಕ್ಟರಿಗೆ ತೋರಿಸಲು ಶಿರಸಿಯ ಬಸ್ಸು ಹತ್ತಿದಳು.