ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು

ಕಳೆದ ಶನಿವಾರ ನಮ್ಮ ಹಳೆಯ ಕಾರನ್ನು ಮಗಳಿಗೆ ಕೊಡೋಣವೆಂದು ಒಳಗೆಲ್ಲ ಒರೆಸುತ್ತಿದ್ದೆ. ಮುಂದಿನ ಬಲಗಡೆಯ ಬಾಗಿಲಿನ ಜೇಬಿನಲ್ಲಿ, ಹಳೆಯ ಪಾರ್ಕಿಂಗ್ ಚೀಟಿಗಳ ಅಡಿಯಲ್ಲಿ, ಒಂದು ಪುಟ್ಟ ಬಟ್ಟೆಗಂಟು ಬೆರಳಿಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಓಂಕಾಳು. ಒಂಬತ್ತು ವರ್ಷವಾದರೂ ಘಾಟು ಪೂರ್ತಿ ಹೋಗಿರಲಿಲ್ಲ. ಒರೆಸುವುದನ್ನು ಬಿಟ್ಟು ಆ ಸೀಟಿನಲ್ಲೇ ಕುಳಿತುಬಿಟ್ಟೆ.

ಕೆಂಡಲ್ ಪಾರ್ಕಿನಲ್ಲಿ ನಮ್ಮ ಗೋಡೆಗೆ ಅಂಟಿಕೊಂಡಿದ್ದ ಮನೆ ಆ ಗಂಟಿನ ಆಂಟಿಯದು. ಧಾರವಾಡದ ಕಡೆಯವರು. ಯಜಮಾನರು ತೀರಿಕೊಂಡ ಮೇಲೂ ಓಹಾಯೋದಲ್ಲಿದ್ದ ಮಗಳ ಮನೆಗೆ ಹೋಗದೆ ಒಬ್ಬರೇ ಇದ್ದರು. ರೂಟ್ ಒನ್ ಹೆದ್ದಾರಿಯ ಪಕ್ಕದ ಒಂದು ಡೇಕೇರ್‌ನಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಕಾರು ಓಡಿಸಲು ಕಲಿತಿರಲಿಲ್ಲ. ನನ್ನ ಆಫೀಸು ಅದೇ ದಾರಿಯಲ್ಲಿ ಇನ್ನೂ ಮುಂದಿತ್ತು. "ದಿನಾ ನನ್ ಜೊತೇಲೇ ಬನ್ನಿ ಆಂಟಿ" ಎಂದು ನಾನೇ ಕರೆದಿದ್ದೆ.

ಅವರಿಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ಆ ಓಂಕಾಳಿನ ಗಂಟು. ಎಡಗೈಯಲ್ಲಿ ಅದನ್ನು ಮೂಗಿಗೆ ಹಿಡಿದು, ಬಲಗೈಯಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು. ಹೊಟ್ಟೆ ತೊಳಸುವುದಕ್ಕೆ ನನ್ನ ಡ್ರೈವಿಂಗೇ ಕಾರಣವಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡೇ ಹೋಗುತ್ತಿದ್ದೆ. ಹಳದಿ ದೀಪ ಕಂಡರೆ ಕಾಲು ಆಕ್ಸಿಲರೇಟರಿನ ಮೇಲೆ ಇನ್ನೂ ಬಲವಾಗಿ ಬೀಳುತ್ತಿತ್ತು. ಫೋನು ಯಾವಾಗಲೂ ತೊಡೆಯ ಮೇಲೆ. ಆಫೀಸಿನ ಮೆಸೇಜು ಬಂದರೆ ಓದುವುದು, ಹೆಬ್ಬೆರಳಲ್ಲೇ ಉತ್ತರ ಬರೆಯುವುದು.

"ತಮ್ಮಾ, ಮುಂದ ನೋಡಪಾ. ಅದನ್ನ ಒಳಗ ಇಡು" ಎನ್ನುತ್ತಿದ್ದರು, ಮೆಲ್ಲಗೆ.

"ಹೆದರ್ಕೋಬೇಡಿ ಆಂಟಿ. ಹದಿನೈದು ವರ್ಷದಿಂದ ಡ್ರೈವ್ ಮಾಡ್ತಿದೀನಿ, ಒಂದೇ ಒಂದು ಪೊಲೀಸ್ ಟಿಕೆಟ್ ಬಿದ್ದಿಲ್ಲ" ಎಂದು ನಗುತ್ತಿದ್ದೆ.

ಅಕ್ಟೋಬರಿನ ಒಂದು ಬೆಳಗ್ಗೆ ನನಗೆ ಬೇಗ ಮೀಟಿಂಗ್ ಇತ್ತು. ಮ್ಯಾನೇಜರ್ ಏನೋ ಕೇಳಿದ್ದರು, ಓದುತ್ತಿದ್ದೆ. "ತಮ್ಮಾ!" ಎಂದು ಆಂಟಿ ಚೀರಿದರು. ತಲೆಯೆತ್ತಿದರೆ ಎದುರಿಗೆ ನಿಂತ ಗಾಡಿಗಳ ಕೆಂಪು ದೀಪಗಳು, ಉದ್ದಕ್ಕೂ. ಬ್ರೇಕ್ ಹಾಕಿದರೆ ನಿಲ್ಲುವಷ್ಟು ಜಾಗವಿರಲಿಲ್ಲ. ಸ್ಟೀರಿಂಗನ್ನು ಬಲಕ್ಕೆ ಎಳೆದುಬಿಟ್ಟೆ. ಕಾರು ರಸ್ತೆ ಬಿಟ್ಟು ಅಂಚಿನ ಶೋಲ್ಡರಿಗೆ ನುಗ್ಗಿತು. ಅಲ್ಲೊಂದು ವ್ಯಾನು ನಿಂತಿತ್ತು. ಅದರ ಹಿಂದಿನ ಚಕ್ರದ ಬಳಿ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು ಟೈರು ಬದಲಿಸುತ್ತಿದ್ದ.

ಎರಡೂ ಕಾಲುಗಳಿಂದ ಬ್ರೇಕ್ ಒತ್ತಿದೆ. ಕಾರು ಕಿರುಚುತ್ತಾ ಜಾರಿ ನಿಂತಾಗ ಆ ಮನುಷ್ಯನಿಗೂ ನಮಗೂ ನಡುವೆ ಇದ್ದದ್ದು ಒಂದು ಗೇಣು. ಅವನು ನಿಧಾನವಾಗಿ ಎದ್ದ. ಬೈಯಲಿಲ್ಲ. ನಮ್ಮ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಹಾಗೇ ನಿಂತ, ಬಿದ್ದುಹೋಗದಿರಲು ಏನಾದರೂ ಬೇಕೆನ್ನುವವನ ಹಾಗೆ.

ನನಗೆ ಬಾಗಿಲು ತೆಗೆಯಲೂ ಆಗಲಿಲ್ಲ. ಆಂಟಿ ಇಳಿದು ಹೋದರು. ಅವನೆದುರು ನಿಂತು ಎರಡೂ ಕೈ ಮುಗಿದರು... ತಾವೇ ಗಾಡಿ ಓಡಿಸುತ್ತಿದ್ದವರ ಹಾಗೆ.

ಆಂಟಿಯನ್ನು ಡೇಕೇರ್‌ವರೆಗೆ ಕರೆದೊಯ್ದೆ. ಇಳಿಯುವಾಗ ಹೇಳಿದರು: "ನಾಳಿಂದ ನಾ ಬಸ್ಸಿಗೆ ಹೋಗ್ತೀನಪಾ. ನಿನ್ನ ಮ್ಯಾಲ ಸಿಟ್ಟಿಲ್ಲ. ನನಗ ಅಂಜಿಕಿ ಆಗ್ತದ."

ಸಂಜೆ ನಾನು ಮನೆ ತಲುಪುವ ಮೊದಲೇ ಅವರು ನನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದ್ದರು. "ರೀ, ಫೋನ್ ನೋಡ್ತಾ ಡ್ರೈವ್ ಮಾಡ್ತೀರಂತೆ. ಇದೇ ಕಾರಲ್ಲಿ ತಾನೇ ಮಗೂನ ಡ್ಯಾನ್ಸ್ ಕ್ಲಾಸಿಗೆ ಕರ್ಕೊಂಡ್ ಹೋಗೋದು?" ಎಂದಳು ಹೆಂಡತಿ. ಮಗಳಿಗಾಗ ಎಂಟು ವರ್ಷ. ಅಂದಿನಿಂದ ಅವಳನ್ನು ನನ್ನ ಜೊತೆ ಕಳಿಸುವುದು ನಿಂತಿತು. ನನಗೆ ಬಂದದ್ದು ನಾಚಿಕೆಯಲ್ಲ, ಕೋಪ. ಉಪಕಾರ ಮಾಡಿಸಿಕೊಂಡು ಮನೆಯಲ್ಲಿ ಜಗಳ ಹಚ್ಚಿದರಲ್ಲ ಎಂದು ಆಂಟಿಯ ಜೊತೆ ಮಾತು ಬಿಟ್ಟೆ.

ಬೆಳಗ್ಗೆ ಅವರು ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಸ್ಟಾಪೆಂದರೆ ಒಂದು ಕಂಬ, ಒಂದಿಷ್ಟು ಹುಲ್ಲು. ಫುಟ್‌ಪಾತ್ ಕೂಡ ಇರಲಿಲ್ಲ. ದೊಡ್ಡ ಟ್ರಕ್ಕುಗಳು ಹೋದಾಗ ಅವರ ಸೀರೆಯ ಸೆರಗು ಕೋಟಿನಿಂದ ಹೊರಬಂದು ಹಾರುತ್ತಿತ್ತು. ನಾನು ಇನ್ನೊಂದು ಕಡೆ ನೋಡುತ್ತಾ ದಾಟಿ ಹೋಗುತ್ತಿದ್ದೆ. ಎರಡು ವಾರ ಫೋನನ್ನು ಬ್ಯಾಗಿನಲ್ಲಿಟ್ಟೆ. ಮೂರನೇ ವಾರ ಅದು ಮತ್ತೆ ತೊಡೆಯ ಮೇಲೆ ಬಂದಿತ್ತು. ಇದನ್ನು ಬರೆಯುವುದಕ್ಕೇ ಕಷ್ಟವಾಗುತ್ತಿದೆ.

ನವೆಂಬರಿನ ಒಂದು ಸಂಜೆ ಜಿಟಿಜಿಟಿ ಮಳೆ. ಐದು ಗಂಟೆಗೇ ಕತ್ತಲು. ಆಫೀಸಿನಿಂದ ಬರುವಾಗ ಹೆಂಡತಿಯ ಫೋನು ಬಂತು. ಓಡಿಸುತ್ತಲೇ ಎತ್ತಿ ಕಿವಿಗಿಟ್ಟುಕೊಂಡೆ.

"ಆಂಟಿಗೆ ಕಾರ್ ಹೊಡೀತಂತೆ ರೀ... ರೂಟ್ ಒನ್ ಕ್ರಾಸ್ ಮಾಡ್ತಿದ್ರಂತೆ..."

ಮನೆಗೆ ಬರುವ ಬಸ್ಸು ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಿತ್ತು. ನಡೆಯುವವರ ಸಿಗ್ನಲ್ ಬಂದ ಮೇಲೆಯೇ ಆಂಟಿ ರಸ್ತೆಗಿಳಿದಿದ್ದರು. ಇಲ್ಲಿ ಕೆಂಪು ದೀಪವಿದ್ದರೂ ಒಮ್ಮೆ ನಿಲ್ಲಿಸಿ ನೋಡಿ ಬಲಕ್ಕೆ ತಿರುಗಬಹುದು. ನಿಲ್ಲಿಸದೆ, ನೋಡದೆ ತಿರುಗಿದ ಕಾರೊಂದು ಅವರನ್ನು ಕೆಡವಿತ್ತು. ಓಡಿಸುತ್ತಿದ್ದವನು ನನ್ನದೇ ವಯಸ್ಸಿನವನು. "ನಾನು ನೋಡಲೇ ಇಲ್ಲ, ನೋಡಲೇ ಇಲ್ಲ" ಎಂದು ಪೊಲೀಸರ ಮುಂದೆ ಅಳುತ್ತಿದ್ದನಂತೆ.

ಯಾವುದೋ ಅಂಗಡಿಯ ಪಾರ್ಕಿಂಗ್ ಲಾಟಿಗೆ ಕಾರನ್ನು ತಿರುಗಿಸಿ ನಿಲ್ಲಿಸಿದೆ. ಕೈಗಳು ಸ್ಟೀರಿಂಗ್ ಬಿಟ್ಟು ಬರಲಿಲ್ಲ. ಅವರು ರಸ್ತೆ ದಾಟುತ್ತಿದ್ದುದು ನನ್ನ ಕಾರಿನಲ್ಲಿ ಕೂರಲು ಹೆದರಿ. ಅವರನ್ನು ಕೆಡವಿದವನು ನಾನಲ್ಲ, ಆದರೆ ಆ ತಿರುವಿನಲ್ಲಿ ನಾನು ಎಷ್ಟು ಸಲ ಹಾಗೆಯೇ ನಿಲ್ಲಿಸದೆ ತಿರುಗಿದ್ದೆನೋ... ಆ ಹೊತ್ತಿಗೆ ಮೊದಲ ಸಲ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಓಡಿಸುವಾಗ ನಾನು ಫೋನು ಮುಟ್ಟಿದ ಕೊನೆಯ ದಿನ ಅದು.

ಆಂಟಿಯ ಸೊಂಟದ ಮೂಳೆ, ಬಲಗಾಲು ಮುರಿದಿದ್ದವು. ಆಸ್ಪತ್ರೆಯಲ್ಲಿ ನನ್ನನ್ನು ಕಂಡು "ಬಂದ್ಯಾ?" ಎಂದಷ್ಟೇ ಕೇಳಿದರು. ನಾನು ಹಾಸಿಗೆಯ ಕಂಬಿ ಹಿಡಿದು ನಿಂತಿದ್ದೆ. ಊಟ, ಔಷಧಿ ವಿಚಾರಿಸಿದೆ, ಕ್ಷಮೆ ಮಾತ್ರ ಕೇಳಲಿಲ್ಲ.

ಎರಡು ತಿಂಗಳ ಆರೈಕೆಯ ನಂತರ ಮನೆಗೆ ಕಳಿಸುವ ದಿನ ಬಂತು. ಓಹಾಯೋದಲ್ಲಿ ಹಿಮ ಬಿದ್ದು ಮಗಳ ವಿಮಾನ ರದ್ದಾಯಿತು. ಆಂಟಿ ನನಗೇ ಫೋನ್ ಮಾಡಿದರು. "ತಮ್ಮಾ, ಮನಿಗೆ ಕರ್ಕೊಂಡ್ ಹೋಗ್ತಿಯೇನಪಾ?"

"ನೀನೇ ಡ್ರೈವ್ ಮಾಡು, ನನ್ ಕೈಲಾಗಲ್ಲ" ಎಂದೆ ಹೆಂಡತಿಗೆ.

"ಅವರು ಕೇಳಿದ್ದು ನಿಮ್ಮನ್ನ" ಎಂದಳು.

ಫೋನನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ. ಆ ಹನ್ನೆರಡು ಮೈಲಿ ಓಡಿಸಿದ ಹಾಗೆ ಜೀವಮಾನದಲ್ಲಿ ಓಡಿಸಿರಲಿಲ್ಲ. ಬಲಗಡೆಯ ಲೇನಿನಲ್ಲಿ, ಮುಂದೆ ನಾಲ್ಕು ಗಾಡಿಯ ಜಾಗ ಬಿಟ್ಟು ಹೋದೆ. ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು ಏನೋ ಕೂಗಿ ಹೋದ. ಬಲದಿಂದ ಯಾವುದೇ ಕಾರು ಬಂದರೂ ಆಂಟಿ ಉಸಿರು ಒಳಗೆಳೆದುಕೊಳ್ಳುತ್ತಿದ್ದರು. ಅವರ ಉಸಿರು ನಿಂತಾಗಲೆಲ್ಲ ನನ್ನದೂ ನಿಲ್ಲುತ್ತಿತ್ತು. ಜನವರಿಯ ಚಳಿಯಲ್ಲೂ ನನ್ನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು.

ಮನೆಯ ಮುಂದೆ ನಿಲ್ಲಿಸಿದಾಗ ಅವರು ತಕ್ಷಣ ಇಳಿಯಲಿಲ್ಲ. ಸ್ಟೀರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದ ನನ್ನ ಕೈಗಳನ್ನು ನೋಡುತ್ತಿದ್ದರು.

"ಇವತ್ತ ನಿನಗೂ ಅಂಜಿಕಿ ಆತಲ್ಲ" ಎಂದರು. "ಛಲೋ ಆತು. ಅದು ಇರಲಿ, ಬಿಡಬ್ಯಾಡ."

ಏಪ್ರಿಲ್‌ನಲ್ಲಿ ಮಗಳು ಬಂದು ಅವರನ್ನು ಓಹಾಯೋಗೆ ಕರೆದುಕೊಂಡು ಹೋದಳು. ವಾಕರ್ ಹಿಡಿದು ಮೆಟ್ಟಿಲಿಳಿಯುವಾಗ ಜೊತೆಗಿದ್ದೆ. ತಪ್ಪಾಯಿತು ಎನ್ನಲು ಅದೇ ಹೊತ್ತು ಎಂದು ಗೊತ್ತಿತ್ತು. ಪೆಟ್ಟಿಗೆಗಳನ್ನು ಎತ್ತಿಡುವ ನೆಪದಲ್ಲಿ ಅದನ್ನೂ ಕಳೆದುಕೊಂಡೆ. ಆಮೇಲೆ ಹಬ್ಬಕ್ಕೆ ಫೋನು, ಆರೋಗ್ಯ ವಿಚಾರಿಸುವುದು, ಅಷ್ಟೇ... ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರೆಂದು ಅವರ ಮಗಳು ತಿಳಿಸಿದಳು. ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಇವತ್ತು ನನ್ನ ಮಗಳು ಮೊದಲ ಸಲ ಒಬ್ಬಳೇ ಕಾರು ತೆಗೆದುಕೊಂಡು ಗೆಳತಿಯ ಮನೆಗೆ ಹೊರಟಳು. ರೂಟ್ ಒನ್ ಮೇಲೆಯೇ ಹೋಗಬೇಕು. "ಅಪ್ಪಾ, ಸ್ಟಾಪ್ ವರಿಯಿಂಗ್. ಐ ವಿಲ್ ಬಿ ಫೈನ್" ಎಂದು ನಕ್ಕು ಹೋದಳು. ಹದಿನೈದು ನಿಮಿಷದ ದಾರಿ. ಈಗ ಮೂವತ್ತೈದು ನಿಮಿಷವಾಯಿತು. ತಲುಪಿದಳೋ ಇಲ್ಲವೋ ಗೊತ್ತಿಲ್ಲ. ಫೋನು ಕೈಯಲ್ಲೇ ಇದೆ, ಅವಳ ಹೆಸರು ತೆಗೆದಿಟ್ಟುಕೊಂಡಿದ್ದೇನೆ. ಒತ್ತಲು ಆಗುತ್ತಿಲ್ಲ. ಇನ್ನೂ ಓಡಿಸುತ್ತಿದ್ದರೆ, ಅಪ್ಪನ ಫೋನೆಂದು ಎತ್ತಿಬಿಟ್ಟರೆ...